ಅಪ್ಪಯ್ಯನ ತೋಟ, ಸಾಹುಕಾರನ ಬೀಗ

ಕಳೆದ ಆಷಾಢದಲ್ಲಿ ಊರಿಗೆ ಹೋದಾಗ ಅಪ್ಪಯ್ಯ ಜಗಲಿಯಲ್ಲಿ ಕೂತಿದ್ದರು. ಎದುರಿಗೆ ಕೊಳೆ ಬಂದು ಉದುರಿದ ಅಡಿಕೆಕಾಯಿಯ ಗುಡ್ಡೆ.

"ಕೊಳೆರೋಗದ ಮೇಲೆ ಫಾರಿನ್ ಪತ್ರಿಕೆಯಲ್ಲಿ ಏನೋ ಬರೆದಿದ್ದೀಯಂತಲ್ಲೋ ಮಾಣಿ. ತೋರಿಸು ನೋಡೋಣ."

ಮೊಬೈಲ್ ತೆಗೆದೆ. ಗುಡ್ಡ ಹತ್ತಿದರೆ ಮಾತ್ರ ಸಿಗುವ ನೆಟ್‌ವರ್ಕು ಅಂದು ಜಗಲಿಗೇ ಬಂದಿತ್ತು. ಶೀರ್ಷಿಕೆ ಬಂತು, ನನ್ನ ಹೆಸರು ಬಂತು, ಹತ್ತು ಸಾಲಿನ ಸಾರಾಂಶ ಬಂತು. ಅದರ ಕೆಳಗೆ ಒಂದು ಪುಟ್ಟ ಬೀಗ. ಮುಂದೆ ಓದಬೇಕೆಂದರೆ 39.95 ಡಾಲರ್ ಕಟ್ಟಬೇಕು. ನನ್ನ ಸ್ವಂತ ಪ್ರತಿ ಕಾಲೇಜಿನ ಕಂಪ್ಯೂಟರಿನಲ್ಲಿತ್ತು, ಕಾಲೇಜು ಇನ್ನೂರು ಕಿಲೋಮೀಟರ್ ಆಚೆ ಇತ್ತು.

"ರೂಪಾಯಲ್ಲಿ ಎಷ್ಟಾಯ್ತು?"

"ಮೂರೂವರೆ ಸಾವಿರದ ಹತ್ತಿರ."

"ಬರೆದದ್ದಕ್ಕೆ ನಿಂಗೆಷ್ಟು ಕೊಟ್ರು?"

"ಏನೂ ಕೊಡಲ್ಲ ಅಪ್ಪಯ್ಯ."

"ತಪ್ಪು ಒಪ್ಪು ನೋಡಿದವರಿಗೆ?"

"ಇಬ್ಬರು ಪ್ರೊಫೆಸರುಗಳು ಪುಕ್ಕಟೆ ನೋಡಿಕೊಟ್ಟರು."

"ಹಕ್ಕು ಯಾರದ್ದು?"

"ಪತ್ರಿಕೆಯವರಿಗೇ ಬರೆದುಕೊಟ್ಟೆ."

ಅಪ್ಪಯ್ಯ ಒಂದು ಹೋಳು ಅಡಿಕೆ ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಅಂಗಳದ ಮಳೆ ನೋಡಿದರು. "ನಲವತ್ತು ವರ್ಷದಿಂದ ಮಂಡಿ ಸಾಹುಕಾರನಿಗೆ ಶಾಪ ಹಾಕ್ತಾ ಬಂದೆ. ತೂಕದಲ್ಲಿ ಹೊಡೀತಾನೆ, ದಲಾಲಿ ಹಿಡೀತಾನೆ ಅಂತ. ಆದರೂ ಕೊನೆಗೆ ಅಡಿಕೆಗೆ ದುಡ್ಡು ಅಂತ ಒಂದು ಕೊಡ್ತಾನೆ ಕಣೋ. ನಾಳೆ ಪೇಟೆಗೆ ಹೋದಾಗ ಒಂದು ನಮಸ್ಕಾರ ಹಾಕಿ ಬರ್ತೇನೆ."

ಅಪ್ಪಯ್ಯನಿಗೆ ವಿದ್ವತ್ ಲೋಕದ ವ್ಯವಹಾರ ಅರ್ಥವಾಗುವುದಿಲ್ಲ. ಸಂಶೋಧನೆಗೆ ದುಡ್ಡು ಸರ್ಕಾರದ್ದು, ಸಂಬಳ ಸರ್ಕಾರದ್ದು, ಬರೆಯುವುದು ನಾವು, ತಿದ್ದುವುದು ನಮ್ಮಂಥವರೇ. ಎಲ್ಲ ಮುಗಿದ ಮೇಲೆ ಮೂಟೆ ಕಟ್ಟಿ ಪ್ರಕಾಶಕನೆಂಬ ಸಾಹುಕಾರನ ಬಾಗಿಲಲ್ಲಿ ಇಳಿಸಿ, ಅಲ್ಲೇ ಸಾಲಿನಲ್ಲಿ ನಿಂತು ನಮ್ಮ ಅಡಿಕೆಯನ್ನು ನಾವೇ ಕೊಳ್ಳುತ್ತೇವೆ. ನಮ್ಮ ಕೈಯಲ್ಲಿ ಆಗದಿದ್ದರೆ ಸರ್ಕಾರ ಕೊಳ್ಳುತ್ತದೆ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ 'ಒಂದು ದೇಶ, ಒಂದು ಚಂದಾ' ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು. ಸಗಟು ವ್ಯಾಪಾರ, ಸಂತೋಷವೇ. ಆದರೆ ಅಪ್ಪಯ್ಯ ಸರ್ಕಾರಿ ಸಂಸ್ಥೆಯಲ್ಲವಲ್ಲ! ತೆರಿಗೆ ಕಟ್ಟುವಾಗ ದೇಶದೊಳಗಿದ್ದವರು ಚಂದಾ ವಿಷಯಕ್ಕೆ ಬಂದಾಗ ಹೊರಗೆ.

ಲೇಖನಗಳು ಎಲ್ಲರಿಗೂ ಪುಕ್ಕಟೆ ಸಿಗಬೇಕೆಂಬ ಬೇಡಿಕೆ ಜೋರಾದ ಮೇಲೆ ಸಾಹುಕಾರನ ಮನಸ್ಸೂ ಕರಗಿತು. 'ಮುಕ್ತ ಪ್ರವೇಶ ತಾನೇ? ಕೊಡೋಣ. ಓದುವವರು ಒಂದು ಪೈಸೆ ಕೊಡುವುದು ಬೇಡ, ಬರೆದವರೇ ಕೊಡಲಿ' ಎಂದ. 2021ರಿಂದ ನೇಚರ್ ಪತ್ರಿಕೆಯಲ್ಲಿ ಒಂದು ಲೇಖನವನ್ನು ಹೀಗೆ ಮುಕ್ತಗೊಳಿಸಲು ನಿಗದಿಯಾದ ದರ 9,500 ಯೂರೋ. ಆಗಿನ ಲೆಕ್ಕದಲ್ಲಿ ಎಂಟು ಲಕ್ಷ ರೂಪಾಯಿಗೂ ಮಿಕ್ಕಿ. ಟೋಲ್ ಗೇಟನ್ನು ಊರಿಂದಾಚೆಯ ತುದಿಯಿಂದ ಕಿತ್ತು ಈಚೆ ತುದಿಯಲ್ಲಿ ನೆಟ್ಟು, ರಸ್ತೆ ಈಗ ಎಲ್ಲರದ್ದು ಎಂದು ಬೋರ್ಡು ಹಾಕಿದ ಹಾಗೆ.

ಎರಡೂ ಕಡೆ ದುಡ್ಡು ಕೊಡಲಾಗದವರು ಹಿತ್ತಿಲ ಬಾಗಿಲಿಂದ, ಅಂದರೆ ಬೀಗ ಹಾಕಿದ ಲೇಖನಗಳನ್ನು ಅನುಮತಿಯಿಲ್ಲದೆ ಪುಕ್ಕಟೆ ಹಂಚುವ ಸೈ-ಹಬ್ ಜಾಲತಾಣದಿಂದ, ನುಗ್ಗುತ್ತಿದ್ದರು. 2020ರ ಕೊನೆಯಲ್ಲಿ ಮೂರು ಪ್ರಕಾಶಕರು ದೆಹಲಿ ಹೈಕೋರ್ಟಿಗೆ ಹೋದರು. 2025ರ ಆಗಸ್ಟಿನಲ್ಲಿ ಆ ಬಾಗಿಲಿಗೆ ಅಗಳಿ ಬಿತ್ತು.

ಇಷ್ಟು ಓದಿದವರಿಗೆ ಸಾಹುಕಾರನೇ ಈ ಕಥೆಯ ಖಳನಾಯಕ ಅನ್ನಿಸಿರಬಹುದು. ನನಗೂ ಹಾಗೇ ಹೇಳಿ ಮುಗಿಸುವ ಆಸೆ. ಆದರೆ ಸಮಸ್ಯೆ ಏನೆಂದರೆ, ನಮ್ಮ ಮನೆಗೊಂದು ಅಟ್ಟವಿದೆ.

ಅಡಿಕೆಯ ಭಾಷೆಯಲ್ಲೇ ಹೇಳುತ್ತೇನೆ. ಪತ್ರಿಕೆಗೆ ಕಳಿಸುವ ಮೊದಲ ಕರಡು ಹಸಿ ಅಡಿಕೆ. ಪರಿಶೀಲಕರು ಹೇಳಿದಂತೆ ತಿದ್ದಿ, ಸಂಪಾದಕರು ಒಪ್ಪಿಕೊಂಡ ಪ್ರತಿ ಸುಲಿದು ಬೇಯಿಸಿ ಒಣಗಿಸಿದ ಅಡಿಕೆ. ಅದಕ್ಕೆ ಪುಟಸಂಖ್ಯೆ, ಲಾಂಛನ ಹಾಕಿದ್ದು ಮಂಡಿಯ ಸೀಲು ಬಿದ್ದ ಮೂಟೆ. ಸಾಮಾನ್ಯವಾಗಿ ಸಾಹುಕಾರ ಬಿಗಿ ಹಿಡಿಯುವುದು ಸೀಲಿನ ಮೂಟೆಯನ್ನು ಮಾತ್ರ. ಒಣಗಿದ ಅಡಿಕೆಯ ಒಂದು ಪಾಲನ್ನು ನಮ್ಮ ಸಂಸ್ಥೆಯ ಅಟ್ಟದಲ್ಲಿ, ಅಂದರೆ ಯಾರು ಬೇಕಾದರೂ ಓದಬಹುದಾದ ಆನ್‌ಲೈನ್ ಸಂಗ್ರಹದಲ್ಲಿ, ಇಡಲು ಬಹಳಷ್ಟು ಪತ್ರಿಕೆಗಳು, ಕೆಲವು ತಿಂಗಳು ಕಾಯಿಸಿಯಾದರೂ, ಅನುಮತಿ ಕೊಡುತ್ತವೆ. ಇದಕ್ಕೇ ಸ್ವಯಂ ಸಂಗ್ರಹ ಎಂದು ಹೆಸರು. ಭೌತವಿಜ್ಞಾನಿಗಳಂತೂ 1991ರಿಂದ ಹಸಿ ಅಡಿಕೆಯನ್ನೇ ಆರ್ಕೈವ್ ಎಂಬ ಅಂಗಳದಲ್ಲಿ ಹರವಿ, ಬೇಕಾದವರು ಬಂದು ನೋಡಿ ಎಂದು ಕೂತಿದ್ದಾರೆ. ಅವರ ಮರ್ಯಾದೆಗೇನೂ ಕೊಳೆ ಬಂದಿಲ್ಲ.

ಇದು ನಮಗೆ ಹೊಸದೂ ಅಲ್ಲ. ದೇಶದ ಮೊದಲ ಸಾಂಸ್ಥಿಕ ಅಟ್ಟ ಕಟ್ಟಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, 2002ರಲ್ಲಿ. 2014ರ ಡಿಸೆಂಬರಿನಲ್ಲಿ ಕೇಂದ್ರದ ವಿಜ್ಞಾನ-ತಂತ್ರಜ್ಞಾನ ಇಲಾಖೆ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಗಳು ನೀತಿಯನ್ನೇ ಹೊರಡಿಸಿದವು. ನಮ್ಮ ದುಡ್ಡಲ್ಲಿ ಸಂಶೋಧನೆ ಮಾಡಿದ್ದರೆ, ಲೇಖನ ಸ್ವೀಕಾರವಾದ ಎರಡು ವಾರದೊಳಗೆ ಪ್ರತಿಯನ್ನು ಅಟ್ಟಕ್ಕೆ ಹಾಕಿ ಎಂದವು.

ಹಾಕಿದೆವೇ? ನಮ್ಮ ಕಾಲೇಜಿನಲ್ಲೂ ಅಟ್ಟವಿದೆ. ದೀಪ ಬೆಳಗಿಸಿ, ಶಾಲು ಹೊದಿಸಿ, ಕೇಸರಿಬಾತು ಹಂಚಿ ಉದ್ಘಾಟನೆ ಮಾಡಿದೆವು. ಅದರೊಳಗೆ ಇವತ್ತಿಗೂ ಇರುವುದು ಒಂದೇ ಕಡತ: ಆ ಉದ್ಘಾಟನೆಯ ಆಹ್ವಾನ ಪತ್ರಿಕೆ.

ಕೇಳಿದರೆ ಪುರುಸೊತ್ತಿಲ್ಲ. ಬೆಳಗ್ಗೆ ಏಳುತ್ತಲೇ ಹದಿನಾಲ್ಕು ವಾಟ್ಸ್ಆ್ಯಪ್ ಗುಂಪುಗಳಿಗೆ ಸೂರ್ಯೋದಯದ ಚಿತ್ರ ಹಾಕುವ ನಮ್ಮ ವಿಭಾಗದ ಹಿರಿಯರಿಗೆ ಒಂದು ಪಿಡಿಎಫ್ ಹಾಕುವುದು 'ಟೆಕ್ನಿಕಲ್ ವಿಷಯ'. ಇನ್ನೊಬ್ಬರಿಗೆ ಕಾಪಿರೈಟಿನ ಭಯ. ಹಕ್ಕು ಬರೆದುಕೊಟ್ಟ ಕಾಗದವನ್ನು ಓದದೆ ಸಹಿ ಹಾಕುವಾಗ ಈ ಭಯ ರಜೆಯಲ್ಲಿತ್ತು.

ನಿಜ ಕಾರಣ ಬೇರೆ. ಬೀಗ ದೊಡ್ಡದಿದ್ದರೆ ಒಳಗೆ ಒಡವೆ ಇರಲೇಬೇಕು ಅನ್ನುವುದು ಕಳ್ಳರ ತರ್ಕ. ನಮ್ಮ ಬಡ್ತಿ ಸಮಿತಿಗಳ ತರ್ಕವೂ ಅದೇ. ಲೇಖನ ಎಷ್ಟು ಜನರಿಗೆ ತಲುಪಿತು ಎಂದು ನನ್ನನ್ನು ಈವರೆಗೆ ಯಾರೂ ಕೇಳಿಲ್ಲ. ಯಾವ ಸಾಹುಕಾರನ ಸೀಲು ಎಂದಷ್ಟೇ ಕೇಳುತ್ತಾರೆ. ಅಟ್ಟದಲ್ಲಿದ್ದರೆ ಯಾರು ಬೇಕಾದರೂ ಓದಿಬಿಡಬಹುದು. ಓದಿದರೆ ಅದರಲ್ಲೇನಿದೆ ಎಂದು ಗೊತ್ತಾಗಿಬಿಡಬಹುದು. ಬೀಗ ನಮ್ಮನ್ನೂ ಕಾಯುತ್ತಿದೆ.

ಬೀಗವಿಲ್ಲದೆಯೂ ಬರೆದದ್ದು ಜನರಿಗೆ ತಲುಪಿದ್ದುಂಟು. ಶತಮಾನಕ್ಕೂ ಹಿಂದೆ ಕೋಲ್ಮನ್ ಎಂಬ ಕೆನಡಾದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಕೂತು ಇದೇ ಕೊಳೆರೋಗವನ್ನು ಅಧ್ಯಯನ ಮಾಡಿದರು. 1910ರಲ್ಲಿ ಇಲಾಖೆಯೇ ಅದನ್ನು ಪ್ರಕಟಿಸಿತು. ಅವರು ಸೂಚಿಸಿದ ಬೋರ್ಡೋ ದ್ರಾವಣ ಮಲೆನಾಡಿನ ತೋಟ ತೋಟಕ್ಕೆ ಹೋಯಿತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ: ಈ ಲೆಕ್ಕ ಅಕ್ಷರ ಬಾರದವರಿಗೂ ಬಾಯಿಪಾಠ. ಕೋಲ್ಮನ್ನರ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಬೇಕೆನ್ನುವವರು ಮಳೆಗಾಲದಲ್ಲಿ ನಮ್ಮೂರಿಗೆ ಬಂದು ಮರದ ತುದಿ ನೋಡಿದರೆ ಸಾಕು, ಗೊನೆಯ ಮೇಲೆ ತಿಳಿನೀಲಿ ಬಣ್ಣದಲ್ಲಿ ಬಳಿದಿರುತ್ತದೆ.

"ಹೋಗಲಿ ಬಿಡು, ಬಾಯಲ್ಲೇ ಹೇಳು. ಏನು ಬರೆದಿದ್ದೀಯ?" ಅಂದು ಜಗಲಿಯಲ್ಲಿ ಅಪ್ಪಯ್ಯ ಕೇಳಿದರು.

ಗಂಟಲು ಸರಿಮಾಡಿಕೊಂಡೆ. "ಹಳ್ಳದ ಬದಿಯ ಸಾಲಿಗೆ ಕೊಳೆ ಮೊದಲು ಹತ್ತುತ್ತೆ. ಅಲ್ಲಿಂದ ಮೇಲಿನ ಸಾಲಿಗೆ ಏರುತ್ತೆ. ಅದಕ್ಕೆ ಔಷಧಿ ಹೊಡೆಯೋದನ್ನ ಹಳ್ಳದ ಕಡೆಯಿಂದ ಶುರು ಮಾಡಬೇಕು."

"ಅದನ್ನ ಹೋದ ವರ್ಷ ತೋಟದಲ್ಲಿ ನಿಂತು ನಾನೇ ಅಲ್ವೇನೋ ನಿಂಗೆ ಹೇಳಿದ್ದು?"

"ಹೌದು ಅಪ್ಪಯ್ಯ. ಅದಕ್ಕೇ ಲೇಖನದ ಕೊನೆಯಲ್ಲಿ ನಿನ್ನ ಹೆಸರು ಹಾಕಿ ಕೃತಜ್ಞತೆ ಬರೆದಿದ್ದೇನೆ."

ಅಪ್ಪಯ್ಯನ ಮುಖ ಅರಳಿತು. ಪಂಚೆಯ ಸೆರಗಿನಲ್ಲಿ ಕನ್ನಡಕ ಒರೆಸಿಕೊಂಡು ಮೂಗಿಗೆ ಏರಿಸಿ, ಮೊಬೈಲಿನತ್ತ ಬಾಗಿದರು.

"ಎಲ್ಲಿ, ತೋರಿಸು."