ಟ್ರೈಪಾಡ್ ಭಾವ

ಪ್ರತಿ ಮನೆತನದಲ್ಲೂ ಒಬ್ಬ ಟ್ರೈಪಾಡ್ ಭಾವ ಇರುತ್ತಾರೆ. ವಯಸ್ಸು ನಲವತ್ತೈದರ ಆಚೀಚೆ, ಬ್ಯಾಂಕಿನಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ಕೆಲಸ, ಪ್ರವಾಸಕ್ಕೆ ಹೊರಟರೆ ಮೈತುಂಬ ಜೇಬುಗಳಿರುವ ಜಾಕೀಟು. ಸಂಸಾರದ ಉಳಿದ ಯಾವ ವಿಷಯದಲ್ಲೂ ಅಕ್ಕನ ಮಾತು ಮೀರುವವರಲ್ಲ. ಟ್ರೈಪಾಡಿನ ವಿಷಯದಲ್ಲಿ ಮಾತ್ರ ಬ್ರಹ್ಮ ಬಂದು ಹೇಳಿದರೂ ಕೇಳುವುದಿಲ್ಲ.

ನಮ್ಮ ಭಾವನವರು ಅಕ್ಕನನ್ನು ನೋಡಲು ಬಂದ ದಿನ ಉಪ್ಪಿಟ್ಟು ತಿಂದು ಮುಗಿಸುವಷ್ಟರಲ್ಲಿ ಒಪ್ಪಿಬಿಟ್ಟರಂತೆ. ಟ್ರೈಪಾಡಿಗೆ ತಿಂಗಳುಗಳೇ ಹಿಡಿದವು. ಅಲ್ಯುಮಿನಿಯಂ ಇರಲೋ, ಕಾರ್ಬನ್ ಫೈಬರ್ ಇರಲೋ? ಕಾಲಿನ ಬೀಗ ತಿರುಪುವಂಥದೋ, ಮಡಚುವಂಥದೋ? ಕಾಲಿಗೆ ನಾಲ್ಕು ತುಂಡೋ, ಐದೋ? 1994ರಲ್ಲಿ ಗಿಟ್ಜೊ ಕಂಪನಿ ಮೊದಲ ಕಾರ್ಬನ್ ಫೈಬರ್ ಟ್ರೈಪಾಡ್ ತಂದ ಪ್ರಸಂಗವನ್ನು ನಾಮಕರಣದ ಪಂಕ್ತಿಯಲ್ಲಿ ಕೂತವರೂ ಕೇಳಬೇಕಾಯಿತು. ಕೊನೆಗೆ ಅಂಗಡಿಯಲ್ಲಿ ಉಳಿದವು ಎರಡು: 1.6 ಕೆಜಿಯ ಅಲ್ಯುಮಿನಿಯಂ, 1.2 ಕೆಜಿಯ ಕಾರ್ಬನ್. ಎರಡನೆಯದಕ್ಕೆ ಬೆಲೆ ಎರಡರಷ್ಟು.

“400 ಗ್ರಾಂ ಉಳಿಯುತ್ತೆ ಕಣೇ, ಬೆಟ್ಟ ಹತ್ತುವಾಗ ಗೊತ್ತಾಗುತ್ತೆ” ಎಂದರು ಭಾವ.

“400 ಗ್ರಾಂ ಇಳಿಸೋದಕ್ಕೆ ಇಷ್ಟು ದುಡ್ಡು ಯಾಕ್ರೀ? ಬೆಳಗ್ಗೆ ಎರಡು ದೋಸೆ ಕಡಿಮೆ ತಿನ್ನಿ” ಎಂದಳು ಅಕ್ಕ.

ಕಾರ್ಬನ್ನೇ ಬಂತು. ದೋಸೆಯೂ ಕಡಿಮೆಯಾಗಲಿಲ್ಲ.

ಮೊದಲ ಸವಾರಿ ಮುಳ್ಳಯ್ಯನಗಿರಿಗೆ. 1930 ಮೀಟರ್ ಎತ್ತರದ ಆ ತುದಿಯಲ್ಲಿ ಗಾಳಿಗೆ ಬೇರೆ ಕೆಲಸವಿರುವುದಿಲ್ಲ. ಭಾವ ಟ್ರೈಪಾಡ್ ಬಿಚ್ಚಿದರು. ಚಿಕ್ಕದಾಗಿ ಮಡಚಬೇಕೆಂದು ಐದು ತುಂಡಿನ ಕಾಲು ಆರಿಸಿದ್ದರಲ್ಲ, ಕೊನೆಯ ತುಂಡು ಪೆನ್ಸಿಲ್ಲಿಗಿಂತ ಒಂದು ಸುತ್ತು ದಪ್ಪ ಅಷ್ಟೆ. ಎಲ್ಲ ತುಂಡುಗಳನ್ನೂ ಎಳೆದು, ಸಾಲದೆಂದು ನಡುಗಂಬವನ್ನೂ ಪೂರ್ತಿ ಎತ್ತಿ ಕ್ಯಾಮೆರಾ ಕೂರಿಸಿದರೆ ಅದು ಗಡಗಡ ನಡುಗತೊಡಗಿತು. ನಡುಗಂಬ ಎತ್ತಿದಷ್ಟೂ ಮೂರು ಕಾಲಿನ ಬಲ ಒಂದೇ ಕಾಲಿಗಿಳಿಯುತ್ತದೆ ಎಂಬ ಪಾಠವನ್ನು ಭಾವ ನಮಗೆಲ್ಲ ಹೇಳಿದ್ದರು, ಆದರೆ ಅದು ಬೇರೆಯವರಿಗೆ ಹೇಳುವ ಪಾಠ.

“ಇದಕ್ಕೂ ಉಪಾಯ ಇದೆ” ಎಂದು ನಡುಗಂಬದ ಕೆಳಗಿನ ಕೊಕ್ಕೆ ತೋರಿಸಿದರು. ಅಲ್ಲಿಗೊಂದು ಭಾರದ ಚೀಲ ತೂಗುಹಾಕಿದರೆ ಟ್ರೈಪಾಡ್ ಅಲುಗುವುದಿಲ್ಲವಂತೆ. ಚೀಲ ನೆಲಕ್ಕೆ ತುಸು ತಾಗಿರಬೇಕು, ಇಲ್ಲದಿದ್ದರೆ ಅದೇ ಉಯ್ಯಾಲೆಯಾಡುತ್ತದೆ. ಕೈಗೆ ಸಿಕ್ಕ ಭಾರದ ಚೀಲವೆಂದರೆ ಅಕ್ಕನ ಪುಳಿಯೋಗರೆ ಚೀಲ. ಹೀಗೆ, ಟ್ರೈಪಾಡ್ ಹಗುರವಾಗಲೆಂದು ಎರಡರಷ್ಟು ಹಣ ಕೊಟ್ಟ ಮನುಷ್ಯ ಅದು ಭಾರವಾಗಲೆಂದು ಪುಳಿಯೋಗರೆ ಕಟ್ಟಿದ್ದನ್ನು ನಾವು ಕಣ್ಣಾರೆ ಕಂಡೆವು. ಹಸಿದ ಮಕ್ಕಳು ಒಂದೊಂದೇ ಡಬ್ಬಿ ಎತ್ತಿಕೊಂಡ ಹಾಗೆ ಗಾಳಿಯ ಕೈ ಮೇಲಾಯಿತು.

ಮಳೆಗಾಲಕ್ಕೆ ಜೋಗ. ನೀರು ಹಾಲಿನ ಕೆನೆಯಂತೆ ಕಾಣಬೇಕಾದರೆ ಶಟರ್ ಒಂದು ಸೆಕೆಂಡಾದರೂ ತೆರೆದಿರಬೇಕು, ಅಷ್ಟು ಹೊತ್ತು ಮನುಷ್ಯನ ಕೈ ನಿಲ್ಲುವುದಿಲ್ಲ. ಟ್ರೈಪಾಡ್ ಹುಟ್ಟಿದ್ದೇ ಇದಕ್ಕೆ ಎಂದು ಭಾವ ಕಣ್ಣರಳಿಸಿದರು. ಮಾತು ನಿಜವೇ. ಮೊದಲು ದಪ್ಪ ತುಂಡು ಎಳೆದರು, ಸಣ್ಣ ತುಂಡು ಒಳಗೇ ಬಿಟ್ಟರು. ಇಳಿಜಾರಿನ ಕಡೆಗೊಂದು ಕಾಲು ಚಾಚಿದರು. ಲೆನ್ಸಿನ ಅಲುಗಾಟ ತಡೆಯುವ ಗುಂಡಿ ಬಂದ್ ಮಾಡಿದರು. ಬೆರಳಿನ ಒತ್ತಡಕ್ಕೂ ಕ್ಯಾಮೆರಾ ಕದಲಬಾರದೆಂದು ಎರಡು ಸೆಕೆಂಡಿನ ಟೈಮರ್ ಇಟ್ಟರು. ಬೆಳಕು ತಗ್ಗಿಸುವ ಕಪ್ಪು ಫಿಲ್ಟರ್ ತಿರುಪಿದರು. ಒಂದೇ ಒಂದು ತಪ್ಪಿಲ್ಲ. ಇಷ್ಟೆಲ್ಲ ಮುಗಿಯುವಷ್ಟರಲ್ಲಿ ಕಣಿವೆಯಿಂದ ಮಂಜೆದ್ದು ರಾಜ, ರಾಣಿ, ರೋರರ್, ರಾಕೆಟ್ ನಾಲ್ಕನ್ನೂ ನುಂಗಿತು. ನಮ್ಮೆಲ್ಲರ ಮೊಬೈಲಿನಲ್ಲಿ ಜೋಗ ಇದೆ. ಭಾವನ ಕ್ಯಾಮೆರಾದಲ್ಲಿ ಮಂಜಿದೆ, ಆದರೆ ಒಂದಿಷ್ಟೂ ಅಲುಗದ ಮಂಜು.

ಹಂಪಿಯಲ್ಲಿ ಬಂದ ತೊಡಕೇ ಬೇರೆ. ಪುರಾತತ್ವ ಇಲಾಖೆಯ ಸ್ಮಾರಕಗಳೊಳಗೆ ಟ್ರೈಪಾಡ್ ನಿಲ್ಲಿಸಲು ಮೊದಲೇ ಅನುಮತಿ ಪಡೆದಿರಬೇಕು. ವಿಠ್ಠಲ ದೇವಾಲಯದ ಬಾಗಿಲಲ್ಲಿ ಕಾವಲುಗಾರ, “ಸಾರ್, ಸ್ಟ್ಯಾಂಡು ಒಳಗೆ ಬಿಡಂಗಿಲ್ಲ” ಎಂದ.

“ಇದು ಟ್ರಾವೆಲ್ ಟ್ರೈಪಾಡ್ ಅಪ್ಪಾ. ಬರೀ 1.2 ಕೆಜಿ!”

“ತೂಕ ಯಾರು ಕೇಳ್ಯಾರ ಸಾರ್? ಕಾಲು ಮೂರು ಅದಾವಲ್ರೀ.”

ಭಾವ ಮುಖ ಸಣ್ಣ ಮಾಡಿಕೊಂಡರು. “ಅಪ್ಪಾ, ಅಲುಗದಿರೋ ಕಲ್ಲಿನ ರಥ ಬೇಕಾದ್ರೆ ಐವತ್ತು ರೂಪಾಯಿ ನೋಟಿನ ಹಿಂದೆ ಇದೆಯಲ್ಲ” ಎಂದು ಮಗಳು ಸಮಾಧಾನ ಹೇಳಿದಳು. ಮರುದಿನ ನಸುಕಿನಲ್ಲಿ ಎಲ್ಲರನ್ನೂ ಎಬ್ಬಿಸಿ, ಯಾರೂ ತಡೆಯದ ಬೆಟ್ಟವೆಂದು ಮಾತಂಗಕ್ಕೆ ಹತ್ತಿಸಿದರು. ಸೂರ್ಯ ಹೊತ್ತಿಗೆ ಸರಿಯಾಗಿ ಬಂದ. ಕ್ಯಾಮೆರಾವನ್ನು ಟ್ರೈಪಾಡಿಗೆ ಕಚ್ಚಿಸುವ ಬೆಂಕಿಪೊಟ್ಟಣದಷ್ಟು ಪ್ಲೇಟು ಮಾತ್ರ ಬೆಂಗಳೂರಿನಲ್ಲಿತ್ತು, ಹಳೆಯ ಕ್ಯಾಮೆರಾದ ತಳಕ್ಕೆ ಅಂಟಿಕೊಂಡು.

ಇಷ್ಟಾದರೂ ಒಂದು ಮಾತು ಒಪ್ಪಲೇಬೇಕು. ಮೊಬೈಲಿನ ಚಿತ್ರಗಳಲ್ಲಿ ತೆಗೆದವರು ಇರುವುದಿಲ್ಲ. ಸೆಲ್ಫಿಯಾದರೆ ಅರ್ಧ ಚಿತ್ರ ಅವರ ಕೆನ್ನೆಯೇ. ನಮ್ಮ ಮನೆಯ ಎಲ್ಲರೂ, ಅಕ್ಕನ ಅತ್ತೆ ಮತ್ತು ವ್ಯಾನಿನ ಡ್ರೈವರ್ ಸಮೇತ, ಕಣ್ಣು ತೆರೆದು ಒಟ್ಟಿಗೆ ನಿಂತಿರುವ ಚಿತ್ರಗಳೆಂದರೆ ಭಾವ ಹತ್ತು ಸೆಕೆಂಡಿನ ಟೈಮರ್ ಇಟ್ಟು ಓಡಿಬಂದು ನಿಂತವು ಮಾತ್ರ. ಅವುಗಳಲ್ಲಿ ಭಾವನ ಒಂದು ಕಾಲು ಇನ್ನೂ ಗಾಳಿಯಲ್ಲೇ ಇರುತ್ತದೆ. ಗೋಡೆಗೆ ಚೌಕಟ್ಟು ಹಾಕಿಸಿ ತೂಗಿರುವುದು ಅವನ್ನೇ.

ಆದ್ದರಿಂದ ನಿಮ್ಮ ಮನೆಯ ಭಾವನಿಗೆ ಟ್ರೈಪಾಡ್ ಬೇಡ ಎನ್ನಬೇಡಿ. ಅಂಗಡಿಗೆ ಜೊತೆಯಲ್ಲಿ ಹೋಗಿ. ಕ್ಯಾಮೆರಾ ಮತ್ತು ಲೆನ್ಸಿನ ಎರಡು ಪಟ್ಟು ತೂಕವನ್ನಾದರೂ ಅದು ತಾಳುತ್ತದೆಯೇ, ನಡುಗಂಬ ಎತ್ತದೆಯೇ ಎದೆಮಟ್ಟಕ್ಕೆ ಬರುತ್ತದೆಯೇ, ಕಾಲಿನ ಬೀಗ ಒಂದೇ ಕೈಯಲ್ಲಿ ಬಿಚ್ಚುತ್ತದೆಯೇ ಎಂದು ನೋಡಿ. ಈ ಮೂರೂ ಸರಿಯಿದ್ದರೆ, ಇರುವುದರಲ್ಲಿ ಹಗುರವಾದದ್ದಕ್ಕೇ ಹಟ ಹಿಡಿಯಿರಿ, ದುಡ್ಡಿನ ಮುಖ ನೋಡಬೇಡಿ. ಏಕೆಂದರೆ ಬೆಟ್ಟ ಅರ್ಧ ಹತ್ತಿದ ಮೇಲೆ ಅದನ್ನು ಹೊರುವವನು ಭಾವನಲ್ಲ, ಭಾವಮೈದುನ.