ಉರಗರಾಯರ ಗೃಹಸ್ಥಾಶ್ರಮ

ಉರಗರಾಯರನ್ನು ನೀವು ಖಂಡಿತ ನೋಡಿದ್ದೀರಿ. ಅದು ಅವರ ಹೆಸರಲ್ಲ, ನಾನಿಟ್ಟದ್ದು. ಬನಶಂಕರಿ ಎರಡನೇ ಹಂತದಿಂದ ಜೆ.ಪಿ. ನಗರದ ಏಳನೇ ಹಂತದವರೆಗೆ, ಆ ಕಡೆ ಬಿಟಿಎಂ ತನಕ, ಬಡಾವಣೆಗೊಬ್ಬರಂತೆ ಇರುವ ಇವರಿಗೆಲ್ಲ ಬೇರೆ ಬೇರೆ ಹೆಸರಿಡುತ್ತಾ ಕೂರಲು ನನಗೆ ಪುರುಸೊತ್ತಿಲ್ಲ. ವಯಸ್ಸು ನಲವತ್ತೈದರ ಆಸುಪಾಸು. ಉದ್ಯೋಗ ಸಾಫ್ಟ್‌ವೇರು. ವಾಸ, ಎಚ್‌ಎಂಟಿಯಲ್ಲೋ ಐಟಿಐಯಲ್ಲೋ ದುಡಿದ ಅಪ್ಪ ಸಾಲಸೋಲ ಮಾಡಿ ಕಟ್ಟಿಸಿದ ಮೂವತ್ತು ನಲವತ್ತರ ಮನೆ. ಮುಂಗೈ ತುಂಬ ಉದ್ದುದ್ದ ಗೀರು. "ಏನ್ಸಾರ್, ಬೆಕ್ಕು ಪರಚಿತಾ?" ಎಂದು ಕೇಳಿದಿರೋ, ಅವತ್ತಿನ ನಿಮ್ಮ ವಾಕಿಂಗ್ ಅಲ್ಲಿಗೆ ಮುಗಿಯಿತು.

ಗೀರು ಇಗ್ವಾನಾದ್ದು. ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹೊಳೆಯ ಮೇಲೆ ಚಾಚಿದ ಕೊಂಬೆಯಲ್ಲಿ ಬಿಸಿಲು ಕಾಯಿಸುತ್ತಾ ಮಲಗಿ, ಅಪಾಯ ಕಂಡರೆ ದುಡುಮ್ಮನೆ ನೀರಿಗೆ ಹಾರಿಕೊಳ್ಳುವ ಹಸಿರು ಜೀವಿ. ಬನಶಂಕರಿಯಲ್ಲಿ ಹೊಳೆ ಇಲ್ಲದ್ದರಿಂದ ಕರ್ಟನ್ ಕಂಬಿಯ ಮೇಲೆ ಮಲಗಿ ಸೋಫಾಕ್ಕೆ ಹಾರುತ್ತದೆ. ಬಂದಾಗ ಗೇಣುದ್ದ ಇತ್ತು, ಶೂ ಡಬ್ಬಿಯಲ್ಲಿ. "ಒಂದೇ ವಾರ ಕಣೇ, ಫ್ರೆಂಡು ಊರಿಗೆ ಹೋಗಿದಾನೆ" ಎಂದಿದ್ದರು ರಾಯರು. ಆ ಫ್ರೆಂಡು ಇವತ್ತಿಗೂ ಊರಿಂದ ಬಂದಿಲ್ಲ. ಪ್ರಾಣಿ ಮಾತ್ರ ಐದಡಿ ದಾಟಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಬಾಲವೇ ಎಂದು ರಾಯರು ಸಮಾಧಾನ ಹೇಳುತ್ತಾರೆ. ಆ ಬಾಲದಲ್ಲೇ ಅದು ಚಟೀರೆಂದು ಬಾರಿಸುವುದು ಎಂದು ಅವರ ಮನೆಯವರು ಸೇರಿಸುತ್ತಾರೆ. ಕಾಗದದಲ್ಲಿ ಅದರ ಹೆಸರು ಗಾಡ್ಜಿಲ್ಲಾ. ರಾಯರ ತಾಯಿಯ ಬಾಯಲ್ಲಿ ಗುಂಡ.

ಈ ವರ್ಗದವರ ಮುಖ್ಯ ಲಕ್ಷಣವನ್ನು ಇಲ್ಲೇ ಹೇಳಿಬಿಡುತ್ತೇನೆ. ಉರಗರಾಯರು ಹೆಂಡತಿಯನ್ನು ಕೇಳದೆ ಏನನ್ನೂ ಮಾಡುವವರಲ್ಲ. ಮಾಡಿದ ಮೇಲೆ ಕೇಳುತ್ತಾರೆ. ಆಳೆತ್ತರದ ಪ್ಲೈವುಡ್ ಗೂಡು ಹೊತ್ತ ಟೆಂಪೊ ಗೇಟಿನ ಮುಂದೆ ನಿಂತು ಹಾರನ್ ಬಾರಿಸುತ್ತಿರುವಾಗ, "ನಾವಿಬ್ರೂ ಕೂತು ಇದರ ಬಗ್ಗೆ ಮಾತಾಡ್ಬೇಕು ಕಣೇ" ಅನ್ನುತ್ತಾರೆ. ಮೊದಲು ಸಾಮ: ಬೊಗಳಲ್ಲ, ಕೂದಲು ಉದುರಿಸಲ್ಲ, ಬೀದಿ ಸುತ್ತಿಸಬೇಕಾಗಿಲ್ಲ. ಆಮೇಲೆ ದಾನ: ಅದೇ ತಿಂಗಳು ಮನೆಗೊಂದು ಹೊಸ ಡಿಶ್‌ವಾಷರ್ ಬರುತ್ತದೆ. ನಂತರ ಭೇದ: ಮಗಳನ್ನು ಮೊದಲೇ ತಮ್ಮ ಕಡೆ ಮಾಡಿಕೊಂಡಿರುತ್ತಾರೆ. ದಂಡ ಅವರ ಕೈಯಲ್ಲಿಲ್ಲ.

ಅವರ ಮನೆಯವರು ಬ್ಯಾಂಕಿನಲ್ಲಿ ಕೆಲಸದಲ್ಲಿರುವವರು. ಕೂಗಾಡುವುದಿಲ್ಲ, ಲೆಕ್ಕ ಕೇಳುತ್ತಾರೆ.

"ರೀ, ಇದು ಎಷ್ಟು ವರ್ಷ ಬದುಕತ್ತೆ?"

"ಚೆನ್ನಾಗಿ ನೋಡ್ಕೊಂಡ್ರೆ ಹದಿನೈದು, ಇಪ್ಪತ್ತು."

"ಅಂದ್ರೆ ಮಗಳ ಪಿಯುಸಿ, ಎಂಜಿನಿಯರಿಂಗು, ಮದುವೆ, ಬಾಣಂತನ ಎಲ್ಲಾ ಇದ್ರ ಕಣ್ಮುಂದೇನೆ. ಬಾಣಂತೀನ ಯಾವ ರೂಮಲ್ಲಿ ಮಲಗಿಸೋದು ಅಂತ ಈಗ್ಲೇ ಹೇಳ್ಬಿಡಿ."

ಇಂಥ ಪ್ರಶ್ನೆಗೆ ರಾಯರ ವಿಡಿಯೋಗಳಲ್ಲಿ ಉತ್ತರವಿಲ್ಲ.

ಎರಡನೇ ಲೆಕ್ಕ ಕರೆಂಟಿನದು. ಇಗ್ವಾನಾಗೆ ಕಾಯಿಸಿಕೊಳ್ಳಲು ಮೂವತ್ತೈದು ಡಿಗ್ರಿಯ ಒಂದು ಜಾಗ ಬೇಕು. ಜೊತೆಗೆ ಅತಿನೇರಳೆ ಕಿರಣದ ಪ್ರತ್ಯೇಕ ದೀಪ. ಅದಿಲ್ಲದಿದ್ದರೆ ಮೈಗೆ ಕ್ಯಾಲ್ಸಿಯಂ ಹತ್ತದೆ ಮೂಳೆ ಮೆತ್ತಗಾಗುತ್ತದೆ. ಹಗಲಿಗೆ ನೂರು ವಾಟಿನ ದೀಪ, ರಾತ್ರಿಗೆ ಬೆಳಕಿಲ್ಲದ ನೂರು ವಾಟಿನ ಹೀಟರು, ತಲಾ ಹನ್ನೆರಡು ಗಂಟೆ ಎಂದಿಟ್ಟುಕೊಂಡರೂ ತಿಂಗಳಿಗೆ 72 ಯುನಿಟ್. ಗೃಹಜ್ಯೋತಿಯಲ್ಲಿ 200 ಯುನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. 2023ರ ಜುಲೈಯಲ್ಲಿ ಯೋಜನೆ ಶುರುವಾದಾಗ ಇಡೀ ಬೀದಿಗೆ ಸೊನ್ನೆ ಬಿಲ್ಲು ಬಂದರೂ ಈ ಮನೆಗೆ ಬರಲಿಲ್ಲ. "ರಾಜ್ಯ ಸರ್ಕಾರ ಕೊಟ್ಟಿದ್ದನ್ನ ನಿಮ್ಮ ಗುಂಡ ಕಿತ್ಕೊಂಡ" ಎಂದು ಆಕೆ ಬಿಲ್ಲನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ.

ಇನ್ನು ಊಟ. ಇಗ್ವಾನಾ ಶುದ್ಧ ಸಸ್ಯಾಹಾರಿ. ಈ ಒಂದು ಮಾತಿನ ಬಲದಿಂದಲೇ ರಾಯರು ತಾಯಿಯ ಮನಸ್ಸು ಗೆದ್ದದ್ದು. ("ಹಾಗಾದ್ರೆ ಮಡಿಗೇನೂ ತೊಂದರೆಯಿಲ್ಲ ಬಿಡು.") ಅದಕ್ಕೆ ಬಲು ಇಷ್ಟ ದಾಸವಾಳ. ಹೂವೂ ಆಗಬಹುದು, ಎಲೆಯೂ ಆಗಬಹುದು. ಮನೆಯ ಮುಂದಿನ ಗಿಡ ಆರು ತಿಂಗಳಲ್ಲಿ ಬೋಳಾಯಿತು. ಜಯನಗರದ ಕಡೆ ಬೆಳಗಿನ ಜಾವ ಪ್ಲಾಸ್ಟಿಕ್ ಕವರ್ ಹಿಡಿದು, ಕೊಡೆಯ ಕೊಕ್ಕೆಯಿಂದ ಪರರ ಕಾಂಪೌಂಡಿನ ರೆಂಬೆ ಬಗ್ಗಿಸಿ ದೇವರ ಪೂಜೆಗೆ ಹೂ ಕೀಳುವ ಹಿರಿಯರ ಒಂದು ಪುರಾತನ ಪಂಥವಿದೆ. ರಾಯರು ರಾಗಿಗುಡ್ಡದ ಸುತ್ತ ಆ ಪಂಥ ಸೇರಿದರು. ಆದರೆ ಹಿರಿಯರು ಹೂ ಬಿಡಿಸಿ ಗಿಡ ಉಳಿಸುತ್ತಾರೆ. ಇವರು ಚಿಗುರು, ಎಲೆ, ಮೊಗ್ಗು ಒಂದನ್ನೂ ಬಿಡುವುದಿಲ್ಲ. ಒಮ್ಮೆ ಗೇಟಿನೊಳಗಿಂದ ಅಜ್ಜಿಯೊಬ್ಬರು ಅಂದರಂತೆ: "ಹೂ ಕದಿಯೋರನ್ನ ನಲವತ್ತು ವರ್ಷದಿಂದ ನೋಡ್ತಿದೀನಿ ಕಣಪ್ಪಾ. ಎಲೆ ಮೇಯೋರನ್ನ ಇವತ್ತೇ ನೋಡಿದ್ದು."

ಕಿತ್ತು ತಂದ ಸೊಪ್ಪನ್ನು ಹೆಚ್ಚುವವರು ಯಾರು? ಏಳು ಗಂಟೆಗೆ ರಾಯರಿಗೆ ಅಮೆರಿಕದವರ ಕಾಲ್ ಇರುತ್ತದೆ. ಕೆಲಸದಾಕೆ "ಆ ರೂಮಿಗೆ ನಾನ್ ಕಾಲಿಡಲ್ಲ ಕಣಕ್ಕಾ, ಮೊಸಳೆ ಐತೆ" ಎಂದು ಮೊದಲ ದಿನವೇ ಕೈ ತೊಳೆದುಕೊಂಡಿದ್ದಾಳೆ. ಉಳಿದವರು, ಬೇಡವೇ ಬೇಡ ಎಂದಿದ್ದ ಮನೆಯೊಡತಿ. ನುಗ್ಗೆಸೊಪ್ಪನ್ನು ಬಿಡಿಸಿ, ಸಿಹಿಗುಂಬಳವನ್ನು ತುರಿದು, ಕುಕ್ಕರ್ ಮೂರನೇ ವಿಷಲ್ ಹಾಕುವುದರೊಳಗೆ ತಟ್ಟೆ ಸಿದ್ಧ ಮಾಡುತ್ತಾರೆ. ಅತ್ತೆ ಪ್ರೀತಿಯಿಂದ ಎರಡು ಪಾಲಕ್ ಎಲೆ ಸೇರಿಸಲು ಬಂದರೆ, "ಬೇಡಮ್ಮಾ, ಅದರಲ್ಲಿ ಆಕ್ಸಲೇಟ್ ಇರತ್ತೆ, ಕ್ಯಾಲ್ಸಿಯಂ ಒಳಗೆ ಹೋಗೋಕೆ ಬಿಡಲ್ಲ" ಎಂದು ತಡೆಯುತ್ತಾರೆ. ಮುಟ್ಟಿದವರ ಕೈಗೆಲ್ಲ ಸಾಬೂನು ಹಾಕಿಸುವವರೂ ಅವರೇ. ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ಇರುತ್ತದೆಂದು, ಮಕ್ಕಳಿಗೆ ಅಂಟುತ್ತದೆಂದು, ಅಮೆರಿಕದವರು 1975ರಲ್ಲೇ ನಾಲ್ಕಿಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಲ್ಲಿಸಿದರೆಂದು ಅವರಿಗೆ ಗೊತ್ತು. ನನ್ನನ್ನು ಕೇಳಿದರೆ ಆ ಮನೆಯ ನಿಜವಾದ ಉರಗತಜ್ಞೆ ಆಕೆಯೇ. ರಾಯರದು ಭಾಷಣ ವಿಭಾಗ.

ಭಾಷಣವನ್ನೂ ತೆಗೆದುಹಾಕುವಂತಿಲ್ಲ. ಗೂಡಿನ ಗಾಜಿನ ಮೇಲೆ ಬಿಳಿ ಚುಕ್ಕೆ ಕಂಡು ನೀವು "ಶೀತ ಆಗಿದ್ಯಾ?" ಎಂದರೆ, ಅದು ಶೀತವಲ್ಲ, ಮೈಯಲ್ಲಿ ಹೆಚ್ಚಾದ ಉಪ್ಪನ್ನು ಮೂಗಿನಿಂದ ಸೀನಿ ಹೊರಹಾಕುವ ವ್ಯವಸ್ಥೆ ಎಂದು ವಿವರಿಸುತ್ತಾರೆ. ತಲೆಯ ನಡುನೆತ್ತಿಯಲ್ಲಿ ಒಂದು ಮಸುಕು ಮಚ್ಚೆ ತೋರಿಸಿ, ಇದು ಮೂರನೇ ಕಣ್ಣು, ರೂಪ ಕಾಣದು, ಬೆಳಕು ನೆರಳು ಮಾತ್ರ ತಿಳಿಯುತ್ತದೆ, ಮೇಲಿಂದ ಹದ್ದು ಎರಗಿದರೆ ಗೊತ್ತಾಗಲಿ ಅಂತ, ಎನ್ನುತ್ತಾರೆ. ಇದೆಲ್ಲ ನಿಜವೇ. ಮೂರನೇ ಕಣ್ಣಿನ ಸುದ್ದಿ ಕೇಳಿದ ದಿನದಿಂದ ರಾಯರ ತಾಯಿ ಸೋಮವಾರ ಅದಕ್ಕೆ ಒಂದು ಬಿಲ್ವಪತ್ರೆಯನ್ನೂ ಹಾಕುತ್ತಿದ್ದಾರೆ.

ಕರಾರಿಲ್ಲದ ಕದನವಿರಾಮವೊಂದು ಏರ್ಪಟ್ಟದ್ದು ಹಾಸನದ ಸೋದರತ್ತೆಯಿಂದ. ಕಣ್ಣು ತೋರಿಸಿಕೊಳ್ಳಲೆಂದು ಬಂದು ಪಕ್ಷಗಟ್ಟಲೆ ಉಳಿದು, ಸೊಸೆಯ ಸಾರಿಗೆ ಉಪ್ಪು ಹುಳಿ ಖಾರದ ತೀರ್ಪು ಕೊಡುವವರು ಅವರು. ಈ ಸಲ ಅತಿಥಿಗಳ ಕೋಣೆಯಲ್ಲಿ ಚೀಲ ಇಳಿಸಿ ತಿರುಗುವಷ್ಟರಲ್ಲಿ ಕರ್ಟನ್ ಕಂಬಿಯಿಂದ ಗುಂಡ ಅವರ ಬಲಭುಜದ ಮೇಲೆ ಇಳಿಯಿತು. ಅತ್ತೆ ಮೂರ್ಛೆ ಹೋಗಲಿಲ್ಲ. ನೇರ ಪಂಚಾಂಗ ಕೇಳಿದರು. ಹಲ್ಲಿ ಬಿದ್ದ ಫಲದ ಪುಟದಲ್ಲಿ ಭುಜಕ್ಕೂ ಫಲವಿತ್ತು, ತಲೆಗೂ ಇತ್ತು, ಕಾಲಿನ ಬೆರಳಿಗೂ ಇತ್ತು. ಐದಡಿಯ ಹಲ್ಲಿಗೆ ಫಲ ಅಷ್ಟೇನಾ, ಅಳತೆಗೆ ತಕ್ಕಂತೆ ಹೆಚ್ಚಾ, ಅದನ್ನು ಮಾತ್ರ ಯಾರೂ ಬರೆದಿರಲಿಲ್ಲ. ನಮ್ಮ ಪಂಚಾಂಗದವರು ಈ ಕೊರತೆ ತುಂಬಿಕೊಟ್ಟರೆ ಫ್ಲಾರಿಡಾದಲ್ಲೂ ಮಾರಾಟವಾದೀತು. ಅಲ್ಲಿ ಚಳಿ ಹೆಚ್ಚಾದರೆ ಇಗ್ವಾನಾಗಳು ಮರಗಟ್ಟಿ ಮರದಿಂದ ಉದುರುತ್ತವೆ. 2020ರ ಜನವರಿಯಲ್ಲಿ ಮಯಾಮಿಯ ಹವಾಮಾನ ಇಲಾಖೆಯೇ, ಮೇಲಿಂದ ಇಗ್ವಾನಾ ಬಿದ್ದರೆ ಗಾಬರಿಯಾಗಬೇಡಿ ಎಂದು ಪ್ರಕಟಣೆ ಹೊರಡಿಸಿತ್ತು. ಅತ್ತೆ ಅದೇ ಸಂಜೆಯ ಬಸ್ಸಿಗೆ ಹಾಸನಕ್ಕೆ ಹೊರಟರು. ರಾತ್ರಿ ಗುಂಡನ ತಟ್ಟೆಯಲ್ಲಿ ಎರಡು ಹೋಳು ಪಪ್ಪಾಯ ಹೆಚ್ಚಿಗೆ ಇತ್ತು. ಯಾರು ಇಟ್ಟರೆಂದು ರಾಯರು ಕೇಳಲಿಲ್ಲ, ಆಕೆಯೂ ಹೇಳಲಿಲ್ಲ.

ಈ ಪಪ್ಪಾಯವನ್ನು ರಾಯರು ತಪ್ಪಾಗಿ ಓದಿಕೊಂಡರು. ಒಪ್ಪಿಗೆ ಸಿಕ್ಕಿತೆಂದು ಬಗೆದು ಹೆಬ್ಬಾವಿನ ಪ್ರಸ್ತಾಪ ಎತ್ತಿದರು. ಪಶ್ಚಿಮ ಆಫ್ರಿಕಾದ ಬಾಲ್ ಪೈಥಾನ್. ಬೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವ ಸಾಧು ಪ್ರಾಣಿ, ನಾಲ್ಕಡಿ, ಹೆಚ್ಚೆಂದರೆ ಐದು.

"ಎಷ್ಟು ವರ್ಷ?"

"ಇಪ್ಪತ್ತು... ಮೂವತ್ತು."

"ಏನು ತಿನ್ನತ್ತೆ?"

ರಾಯರು ಕಿಟಕಿಯ ಕಡೆ ನೋಡಿದರು. "ಇಲಿ. ಜೀವಂತ ಅಲ್ಲ ಕಣೇ, ಫ್ರೋಜನ್. ಫ್ರೀಜರಲ್ಲಿ ಒಂದು ಸಣ್ಣ ಜಾಗ ಸಾಕು."

ಫ್ರೀಜರ್ ಎಂಬುದು ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ಏನೆಂದು ರಾಯರಿಗೆ ತಿಳಿದಂತಿಲ್ಲ. ಸಂಕ್ರಾಂತಿಯ ಹೊತ್ತಿಗೆ ಸೊಗಡಿನ ಅವರೆಕಾಯಿಯನ್ನು ಮೂಟೆಗಟ್ಟಲೆ ತಂದು, ಇಡೀ ಮನೆ ನೆಲದ ಮೇಲೆ ಕೂತು ಸುಲಿದು, ರಾತ್ರಿಯೆಲ್ಲ ನೆನೆಸಿ, ಒಂದೊಂದೇ ಕಾಳನ್ನು ಹೆಬ್ಬೆರಳಿನಿಂದ ಹಿತುಕಿ, ಕವರು ಕವರಾಗಿ ಕಟ್ಟಿ ಯುಗಾದಿಯಾಚೆಗೂ ಉಳಿಸಿಕೊಳ್ಳುವ ಗರ್ಭಗುಡಿ ಅದು. ಆಕೆ ಎದ್ದು ಹೋಗಿ ಫ್ರೀಜರ್ ಬಾಗಿಲು ತೆರೆದು, ಹಿತಕಿದ ಬೇಳೆಯ ಒಂದು ಕವರನ್ನು ತಂದು ಮೇಜಿನ ಮೇಲಿಟ್ಟರು. ಒಂದು ಮಾತೂ ಆಡಲಿಲ್ಲ. ಕವರಿನ ಮೇಲಿನ ಹಿಮ ಕರಗಿ ಮೇಜಿನ ಮೇಲೆ ನೀರು ಹರಿಯುವತನಕ ರಾಯರೂ ಆಡಲಿಲ್ಲ.

ಮಾರನೆಯ ದಿನದಿಂದ ಕಾಫಿಯ ಹೊತ್ತಿನಲ್ಲಿ ಹಳೆಯ ಪತ್ರಿಕೆಗಳ ವಾಚನ ಆರಂಭವಾಯಿತು. 2023ರ ಸೆಪ್ಟೆಂಬರ್: ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ವಾರಸುದಾರರಿಲ್ಲದ ಬ್ಯಾಗು, ಒಳಗೆ 55 ಬಾಲ್ ಪೈಥಾನ್, 17 ಕಾಳಿಂಗ ಸರ್ಪ, ಸತ್ತುಹೋಗಿದ್ದ 6 ಕಪುಚಿನ್ ಕೋತಿ. 2024ರ ಏಪ್ರಿಲ್: ಅಲ್ಲಿಂದಲೇ ಬಂದ ಪ್ರಯಾಣಿಕನ ಸಾಮಾನಿನಲ್ಲಿ 10 ಹಳದಿ ಅನಕೊಂಡ. "ನಿಮ್ಮ ಸಾಧು ಪ್ರಾಣಿ ಯಾವ ಬ್ಯಾಗಲ್ಲಿ ಬಂದಿರತ್ತೆ ರೀ? ಇವತ್ತು ನಾಲ್ಕಡಿ, ನಾಳೆ ಅನಕೊಂಡ ಅಂತೀರಿ." ರಾಯರು, ತಾವು ಕಾಗದಪತ್ರವಿಲ್ಲದ್ದನ್ನು ತರುವವರಲ್ಲ, ಅದು ಸೈಟೀಸ್ ಅಪೆಂಡಿಕ್ಸ್ ಎರಡರಲ್ಲಿದೆ ಎಂದರು. ವನ್ಯಜೀವಿ ವ್ಯಾಪಾರದ ಮೇಲೆ 1973ರಲ್ಲಿ ವಾಷಿಂಗ್ಟನ್ನಿನಲ್ಲಿ ಆದ, 1976ರಲ್ಲಿ ಭಾರತವೂ ಸೇರಿದ ಒಪ್ಪಂದ ಅದು. ಗೇಟಿನ ಬಳಿ ಕೇಳಿಸಿಕೊಂಡ ಪಕ್ಕದ ಮನೆಯವರು ಥಟ್ಟನೆ ಒಳಗೆ ಬಂದು, "ಸೈಟಾ? ಯಾವ ಲೇಔಟು ಸ್ವಾಮಿ? ಎ ಖಾತಾನಾ, ಬಿ ಖಾತಾನಾ?" ಎಂದರು.

ತಾಯಿಯಾದರೂ ಕೈಹಿಡಿಯುತ್ತಾರೆಂದು ರಾಯರು ನಂಬಿದ್ದರು. ಆಕೆ ಸಂತೋಷದಿಂದಲೇ ಒಪ್ಪಿದರು, ಆದರೆ ಅವರದೇ ಷರತ್ತಿನಲ್ಲಿ: ನಾಗಪ್ಪ ಮನೆಗೆ ಬಂದ ಮೇಲೆ ಮೈಲಿಗೆ ಮುಟ್ಟಿಸುವಂತಿಲ್ಲ, ಪಂಚಮಿಗೆ ತನಿ ಎರೆಯಬೇಕು, ಷಷ್ಠಿಗೆ ಕುಕ್ಕೆಗೆ ಹೋಗಿಬರಬೇಕು, ಇಲಿಯ ಮಾತು ಈ ಮನೆಯಲ್ಲಿ ಕೂಡದು. ಹಾವು ಹಾಲು ಕುಡಿಯುವುದಿಲ್ಲ, ಇದು ಆಫ್ರಿಕಾದ್ದು, ಪೂಜೆಗೀಜೆ ಇದಕ್ಕಿಲ್ಲ ಎಂದು ರಾಯರು ಕೂಗಿಕೊಂಡರು. ಇದೊಂದರಲ್ಲಿ ಸೋತವರು ಅವರೇ. ಬೆನಿನ್ ದೇಶದ ವೀದಾ ಊರಿನಲ್ಲಿ ಇದೇ ಜಾತಿಯ ಹೆಬ್ಬಾವುಗಳಿಗೆ ಗುಡಿಯಿದೆ, ಊರವರು ಅವನ್ನು ಪೂಜಿಸುತ್ತಾರೆ ಎಂದು ಮೊಮ್ಮಗಳು ಫೋನಿನಲ್ಲಿ ತೋರಿಸಿಬಿಟ್ಟಳು.

ಕೊನೆಯ ಅಸ್ತ್ರವಾಗಿ ರಾಯರು ತೇಜಸ್ವಿಯವರನ್ನು ಎಳೆದುತಂದರು. 1980ರಲ್ಲಿ ಬಂದ 'ಕರ್ವಾಲೊ' ಇಲ್ಲದಿದ್ದರೆ ತಮಗೆ ಈ ಕುತೂಹಲವೇ ಹುಟ್ಟುತ್ತಿರಲಿಲ್ಲವಂತೆ. ಆಕೆ ಕಾಫಿ ಲೋಟ ತೊಳೆಯುತ್ತಲೇ ಅಂದರು: "ಕೊನೇ ಪುಟದವರೆಗೂ ಓದಿದೀರಾ? ಆ ಹಾರೋ ಓತಿ ಯಾರ ಕೈಗೂ ಸಿಗದೆ ಹೋಗತ್ತೆ. ಯಾರ ಮನೆ ಕರ್ಟನ್ ಮೇಲೂ ಬಂದು ಕೂರಲ್ಲ."

ರಾಯರು ಇನ್ನೂ ಹಟ ಬಿಟ್ಟಿಲ್ಲ. ಆದರೆ ನಡುವೆ ಒಂದು ತೊಡಕಿದೆ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ಬಳಿಕ ಇಂಥ ವಿದೇಶಿ ಪ್ರಾಣಿ ಸಾಕಿದವರೆಲ್ಲ ನೋಂದಾಯಿಸಬೇಕು. ಅದರ ನಿಯಮಗಳು 2024ರ ಫೆಬ್ರುವರಿಯಲ್ಲಿ ಬಂದವು, ಗಡುವು ಆರು ತಿಂಗಳು. ಗಡುವಿನ ಕೊನೆಯ ವಾರದಲ್ಲೇ ರಾಯರ ಫೋನು ಗುಂಡನ ನೀರಿನ ತೊಟ್ಟಿಗೆ ಬಿತ್ತು. ಇಗ್ವಾನಾಗಳು ಶೌಚಕ್ಕೂ ನೀರನ್ನೇ ಬಯಸುತ್ತವಾದ್ದರಿಂದ ಅದನ್ನು ಎತ್ತಿ ಒರೆಸಿ ಬಳಸುವ ಉತ್ಸಾಹ ಯಾರಿಗೂ ಇರಲಿಲ್ಲ. ಕಡೆಗೆ ಹೆಂಡತಿಯ ಫೋನಿನಿಂದ, ಹೆಂಡತಿಯ ಗುರುತುಪತ್ರ ಕೊಟ್ಟು ಅರ್ಜಿ ತುಂಬಿದರು. ಸೈಟನ್ನು ಹೆಂಡತಿಯ ಹೆಸರಿನಲ್ಲಿ ಮಾಡಿಸುವುದು ನಮ್ಮ ಬಡಾವಣೆಗಳ ಪದ್ಧತಿಯೇ ತಾನೇ ಎಂದು ಅಂದು ಹೆಮ್ಮೆಯಿಂದಲೇ ಹೇಳಿಕೊಂಡಿದ್ದರು.

ಹೆಬ್ಬಾವು ತಂದರೂ ಅದೇ ಖಾತೆಯಲ್ಲೇ ಸೇರಿಸಬೇಕು. ಓಟಿಪಿ ಬರುವುದು ಆಕೆಯ ಫೋನಿಗೆ, ಮತ್ತು ಆಕೆ ಕೊಡುವುದಿಲ್ಲ.