ಕುಕ್ಕುಟಪ್ರಭಾತ ಮೀಮಾಂಸೆ ಅಥವಾ ಅಜ್ಜಿಯ ಕೋಳಿಗೆ ಆದ ಅನ್ಯಾಯ

ತನ್ನ ಕೋಳಿ ಕೂಗುವುದರಿಂದಲೇ ಊರಿಗೆ ಬೆಳಗಾಗುತ್ತದೆಂದು ನಂಬಿದ್ದ ಅಜ್ಜಿ ಊರವರ ಮೇಲೆ ಮುನಿದು, ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡು ಕಾಡಿಗೆ ಹೋದ ಕಥೆ ಎಲ್ಲರಿಗೂ ಗೊತ್ತು. ಮಾರನೆಯ ದಿನವೂ ಊರಿಗೆ ಬೆಳಗಾಯಿತು. ಅಜ್ಜಿಯ ಜಂಬ ಮುರಿಯಿತೆಂದು ಲೋಕ ತೀರ್ಪು ಕೊಟ್ಟು ಕೈತೊಳೆದುಕೊಂಡಿತು. ಸಂಶೋಧನಾ ವಿಧಾನದ ಗಂಧ ಬಲ್ಲ ಯಾರೂ ಈ ತೀರ್ಪನ್ನು ಒಪ್ಪಲಾರರು. ಒಂದು ಊರು, ಒಂದು ಕೋಳಿ, ಒಂದೇ ಒಂದು ಬೆಳಗು: ಇಷ್ಟು ಸಣ್ಣ ಮಾದರಿಯಿಂದ ಸಿದ್ಧಾಂತ ಬೀಳುವುದುಂಟೆ? ಒಂದಗುಳು ಹಿಸುಕಿದರೆ ಸಾಕೆನ್ನುವ ನ್ಯಾಯ ಅನ್ನಕ್ಕೆ ಸಲ್ಲುತ್ತದೆ, ಏಕೆಂದರೆ ಪಾತ್ರೆಯ ಅಗುಳೆಲ್ಲ ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ ಬೆಂದಿರುತ್ತವೆ. ಊರುಗಳು ಹಾಗೆ ಬೇಯುವುದಿಲ್ಲ.

ಇದಕ್ಕಿಂತ ದೊಡ್ಡ ದೋಷ ಹೋಲಿಕೆಯದು. 1747ರಲ್ಲಿ ಸಾಲಿಸ್‌ಬರಿ ಎಂಬ ಹಡಗಿನ ವೈದ್ಯ ಜೇಮ್ಸ್ ಲಿಂಡ್, ಸ್ಕರ್ವಿ ಹಿಡಿದಿದ್ದ 12 ನಾವಿಕರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಎಲ್ಲರಿಗೂ ಒಂದೇ ಊಟ ಹಾಕಿಸಿ, ಜೋಡಿಗೊಂದು ಮದ್ದು ಕೊಟ್ಟ. ಕಿತ್ತಳೆ, ನಿಂಬೆ ತಿಂದ ಜೋಡಿ ಬೇಗ ಚೇತರಿಸಿಕೊಂಡಿತು. ವಿನೆಗರ್ ಕುಡಿದವರೂ ಸಮುದ್ರದ ನೀರು ಕುಡಿದವರೂ ಪಕ್ಕದಲ್ಲೇ ನರಳುತ್ತಿದ್ದುದರಿಂದ ಆ ಚೇತರಿಕೆಗೆ ಅರ್ಥ ಬಂತು. ಅಜ್ಜಿಯ ಪ್ರಯೋಗದಲ್ಲಿ ಹೋಲಿಸಲು ಎರಡನೆಯ ಊರೇ ಇಲ್ಲ. ಪಕ್ಕದೂರಿನ ಕೋಳಿ ಅಂದು ಕೂಗಿತೋ ಇಲ್ಲವೋ ಎಂಬ ದಾಖಲೆಯೂ ಇಲ್ಲ. ಅದು ತಂದ ಬೆಳಕೇ ಗಡಿ ದಾಟಿ ಈಚೆಗೆ ಹರಿದಿರಬಾರದೇಕೆ?

ಸೂರ್ಯನ ಬೆಳಕು ಕಂಡೇ ಕೋಳಿ ಕೂಗುತ್ತದೆ, ನೀವು ಕಾರ್ಯಕಾರಣವನ್ನು ತಲೆಕೆಳಗು ಮಾಡಿದ್ದೀರಿ ಎಂಬುದು ಮೊದಲ ಪೂರ್ವಪಕ್ಷ. ಉತ್ತರ ಜಪಾನಿನಿಂದ ಬಂದಿದೆ. ನಗೋಯಾ ವಿಶ್ವವಿದ್ಯಾಲಯದ ಸಂಶೋಧಕರು ಹುಂಜಗಳನ್ನು ಹಗಲುರಾತ್ರಿಯ ಭೇದವಿಲ್ಲದ ಮಂದ ಬೆಳಕಿನಲ್ಲಿಟ್ಟರೂ ಅವು ಸುಮಾರು ಒಂದು ದಿನದ ಅಂತರದಲ್ಲಿ ಕೂಗುತ್ತಲೇ ಇದ್ದವೆಂದು 2013ರಲ್ಲಿ ಪ್ರಕಟವಾಯಿತು. ಬೆಳಕು ಕೂಗಿಗೆ ಕಾರಣವಲ್ಲವಾದ್ದರಿಂದ, ಕೂಗೇ ಬೆಳಕಿಗೆ ಕಾರಣವೆಂದು ಸಿದ್ಧವಾಯಿತು. ಕೋಳಿಯೊಳಗಿನ ಜೈವಿಕ ಗಡಿಯಾರವೇ ಕಾರಣವೆಂದು ಆ ಸಂಶೋಧಕರು ಹೇಳಿದ್ದಾರೆ. ನಮ್ಮ ಪ್ರಮೇಯಕ್ಕೆ ಮೂರನೆಯ ಕಾರಣದ ಅಗತ್ಯ ಬೀಳದ ಕಾರಣ ಅದನ್ನು ಇಲ್ಲಿ ಬಿಡಲಾಗಿದೆ. ಕೂಗಿದರೂ ಕೋಣೆಯೊಳಗೆ ಬೆಳಗಾಗಲಿಲ್ಲವಲ್ಲ ಎನ್ನುವವರು ಹೊರಗೆ ಬಂದು ನೋಡಬೇಕಿತ್ತು. ಹೊರಗೆ ದಿನವೂ ಬೆಳಗಾಗುತ್ತಿತ್ತು.

ಇದೆಲ್ಲ ಕಾಕತಾಳೀಯ ಎಂಬುದು ಎರಡನೆಯ ಪೂರ್ವಪಕ್ಷ. ಕಾಗೆಯ ನ್ಯಾಯವನ್ನು ಕೋಳಿಗೆ ಹಚ್ಚುವುದೇ ಮೊದಲ ತಪ್ಪು. ಅದಿರಲಿ, 1935ರ ತಮ್ಮ ಗ್ರಂಥದಲ್ಲಿ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಒಂದು ಚಹಾ ಪರೀಕ್ಷೆ ವಿವರಿಸಿದ್ದಾರೆ. ಬಟ್ಟಲಿಗೆ ಹಾಲು ಮೊದಲು ಬಿತ್ತೋ ಚಹಾ ಮೊದಲು ಬಿತ್ತೋ ರುಚಿಯಿಂದಲೇ ಹೇಳಬಲ್ಲೆನೆಂದ ಮಹಿಳೆಗೆ ನಾಲ್ಕು ಹೀಗೆ, ನಾಲ್ಕು ಹಾಗೆ, ಒಟ್ಟು 8 ಬಟ್ಟಲು. ಬರೀ ಊಹೆಯಿಂದ ಎಲ್ಲವೂ ಸರಿಯಾಗುವ ಸಂಭವ 70ರಲ್ಲಿ ಒಂದು. ಎಂಟು ಬಟ್ಟಲಿಗೇ ಇಷ್ಟಾದರೆ, ಆಯುಷ್ಯವಿಡೀ ಒಂದು ಬೆಳಗನ್ನೂ ತಪ್ಪಿಸದ ಕೋಳಿಯ ಲೆಕ್ಕ ಎಷ್ಟಾದೀತು? ಫಿಶರ್ ಬಟ್ಟಲುಗಳ ಸರದಿಯನ್ನು ಚೀಟಿ ಎತ್ತಿದಂತೆ ಕಲಸಿದ್ದರು, ಬೆಳಗುಗಳನ್ನು ಹಾಗೆ ಕಲಸಿಲ್ಲವಲ್ಲ ಎಂದರೆ, ಅದು ಸೂರ್ಯನ ಅಸಹಕಾರ; ಕೋಳಿಯ ಮೇಲೆ ಹೊರಿಸುವುದು ತರವಲ್ಲ.

ಯಾವ ಫಲಿತಾಂಶ ಬಂದರೆ ಈ ಸಿದ್ಧಾಂತವನ್ನು ಕೈಬಿಡುತ್ತೀರಿ ಎಂಬುದು ಕೊನೆಯ ಪೂರ್ವಪಕ್ಷ. ಯಾವುದು ಬಂದರೂ ಬಿಡುವುದಿಲ್ಲ. ಅದೇ ಇದರ ಬಲ. ಬೆಳಗಾಗದಿದ್ದರೆ ನಮ್ಮ ಕೋಳಿಯ ಮಹಿಮೆ, ಬೆಳಗಾದರೆ ಪಕ್ಕದೂರಿನದರ ಮಹಿಮೆ. ಅಜ್ಜಿ ಸೋತದ್ದು ಇಲ್ಲಿಯೇ. ತಾನು ತಪ್ಪೆಂದು ಯಾವುದರಿಂದ ಗೊತ್ತಾಗುತ್ತದೆ ಎಂಬುದನ್ನು ಆಕೆ ಮೊದಲೇ ಊರಿಗೆಲ್ಲ ಸಾರಿ, ಅದನ್ನೇ ಪರೀಕ್ಷಿಸಲು ಕಾಡಿನವರೆಗೆ ನಡೆದಳು. ಪಂಡಿತರಾದವರು ಮಾಡುವ ಕೆಲಸವಲ್ಲ ಅದು. ಆದ್ದರಿಂದ ಎರಡು ಊರು ಆರಿಸಿ, ನಾಣ್ಯ ಚಿಮ್ಮಿ ಒಂದರ ಕೋಳಿಗಳನ್ನೆಲ್ಲ ಸಾಗಿಸಿ, ಪಕ್ಷಪಾತ ನುಸುಳದಂತೆ ವೀಕ್ಷಕರ ಕಣ್ಣಿಗೆ ಮಧ್ಯಾಹ್ನದವರೆಗೆ ಬಟ್ಟೆ ಕಟ್ಟಿ, ಬೆಳಗಾಯಿತೇ ಎಂದು ಕೇಳತಕ್ಕದ್ದು. ಆ ವರದಿ ಬರುವವರೆಗೆ ಓದುಗರಲ್ಲಿ ಒಂದೇ ವಿನಂತಿ: ದಯವಿಟ್ಟು ಯಾರೂ ಹುಂಜವನ್ನು ಸಾರಿಗೆ ಹಾಕಬೇಡಿ.